ಯಾರ ರುಚಿಗೆ ತಕ್ಕಷ್ಟು

ಫೆಬ್ರವರಿ ೩, ಸೋಮವಾರ

ಇವತ್ತು ಡಾಕ್ಟರು ಕೈಚೆಲ್ಲಿದರು. ಕೈಚೆಲ್ಲಿದರು ಅನ್ನುವುದು ನನ್ನ ಮಾತು. ಅವರು ಹೇಳಿದ್ದು, ಕಾದು ನೋಡೋಣ ಅಂತ. ಜ್ವರ ಬಿಟ್ಟು ಇಷ್ಟು ದಿನವಾದರೂ ನಮ್ಮ ಮನೆಯವರ ಮೂಗಿಗೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ಒಳಗಿನ ನರಗಳು ತಾವಾಗಿಯೇ ಚಿಗುರಬೇಕಂತೆ. ಚಿಗುರಬಹುದು, ಚಿಗುರದೆಯೂ ಇರಬಹುದು. ಗಾಢವಾದ ವಾಸನೆಗಳನ್ನು ಒಂದೊಂದಾಗಿ ಮೂಸುತ್ತಿದ್ದರೆ ಮೂಗಿಗೆ ಹಳೆಯ ಪಾಠ ನೆನಪಾದೀತು ಎಂದರು. ಬೇರೆ ಮದ್ದಿಲ್ಲ.

ನನಗೆ ಹೀಗಾಗಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲವೇನೋ. ಹೊಟ್ಟೆ ತುಂಬಿದರೆ ಸಾಕು ಅನ್ನುವವರ ಪೈಕಿ ನಾನು. ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವಳಿಗೆ ಕಣ್ಣು ಸರಿಯಿದ್ದರೆ ಆಯಿತು. ಇವರದು ಹಾಗಲ್ಲ. ಚಹಾ ಕಂಪನಿಯಲ್ಲಿ ರುಚಿ ನೋಡುವುದೇ ಇವರ ಕೆಲಸ. ಉದ್ದನೆಯ ಮೇಜು, ಬಟ್ಟಲುಗಳ ಸಾಲು. ಚಮಚದಲ್ಲಿ ಎತ್ತಿ ಸುರ್ರೆಂದು ಎಳೆದು, ಬಾಯಲ್ಲಿ ತಿರುವಿ, ಪಿಚಕ್ಕನೆ ಉಗಿದು, ಎಲೆ ಯಾವ ತೋಟದ್ದು, ಒಣಗಿಸಿದವನು ಅವಸರ ಮಾಡಿದನೋ ಇಲ್ಲವೋ ಎಲ್ಲ ಹೇಳುತ್ತಾರೆ. ಆ ಸುರ್ರ್ ಸದ್ದು ಮನೆಗೂ ಬಂದಿತ್ತು. ನೀರೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಹಾಗೇ ಎಳೆಯುತ್ತಿದ್ದರು. ನೆಂಟರ ಮನೆಯಲ್ಲಿ ನಾನು ತಲೆ ತಗ್ಗಿಸಿ ಕೂತದ್ದಕ್ಕೆ ಲೆಕ್ಕವಿಲ್ಲ. ನಾಲಿಗೆರಾಯರು ಅಂತ ಬೆನ್ನ ಹಿಂದೆ ಹೆಸರಿಟ್ಟಿದ್ದೆ. ಈಗ ಆ ಹೆಸರು ಬಾಯಿಗೆ ಬರುವುದಿಲ್ಲ.

ಕಂಪನಿಯ ಮ್ಯಾನೇಜರು ಒಳ್ಳೆಯವರೇ. ಹೊಸ ಎಲೆ ಬರುವ ತನಕ, ಅಂದರೆ ಮಾರ್ಚ್ ಮುಗಿಯುವ ತನಕ, ಆ ಕುರ್ಚಿ ಖಾಲಿ ಇಡುತ್ತಾರಂತೆ. ಆಮೇಲೆ ಬೇರೊಬ್ಬರು ಬಂದು ಕೂರುತ್ತಾರೆ, ಇವರಿಗೆ ಗೋದಾಮಿನಲ್ಲಿ ಜಾಗ. ಇದನ್ನು ನನಗೆ ಹೇಳಿ ಇವರು ತಟ್ಟೆಯಲ್ಲಿದ್ದದ್ದನ್ನು ಸದ್ದಿಲ್ಲದೆ ತಿಂದು ಎದ್ದರು.

ಫೆಬ್ರವರಿ ೬, ಗುರುವಾರ

ಈ ಮನೆಯ ಅಡುಗೆಮನೆ ಇವರದು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ್ದನ್ನು ಒಂದು ಚಮಚ ಎಳೆದು, ಎಣ್ಣೆ ಹಳೆಯದು, ಉರಿ ಅವಸರದ್ದು, ಉಪ್ಪು ಎರಡು ಸಲ ಬಿದ್ದಿದೆ ಎಂದು ವರದಿ ಒಪ್ಪಿಸುತ್ತಿದ್ದರು. ನನಗೆ ರೇಗಿ ಸೌಟನ್ನು ಅವರ ಕೈಗೇ ಕೊಟ್ಟುಬಿಟ್ಟೆ. ಅಂದಿನಿಂದ ನಾನು ತರಕಾರಿ ತೊಳೆಯುವವಳು, ಪಾತ್ರೆ ಒರೆಸುವವಳು. ಅವರು ಮಾಡಿದ್ದನ್ನೂ ಅವರು ಚೆನ್ನಾಗಿದೆ ಎಂದವರಲ್ಲ. ತೀರಾ ಮನಸೋತರೆ “ತಿನ್ನಬಹುದು” ಅನ್ನುತ್ತಾರೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಜ್ವರ ಬಿಟ್ಟ ಮೇಲೆ ಅವರು ಒಲೆಯ ಹತ್ತಿರ ಸುಳಿದಿಲ್ಲ. ನಾನೇ ಏನೋ ಬೇಯಿಸಿ ಹಾಕುತ್ತಿದ್ದೇನೆ. ಇವತ್ತು ಹುರಿದ ಆಲೂಗಡ್ಡೆಗೆ ಉಪ್ಪು ನನಗೇ ತಿಳಿಯುವಷ್ಟು ಜಾಸ್ತಿಯಾಗಿತ್ತು. ಬೈಯಲಿ ಎಂದು ಕಾದು ಕೂತೆ. “ಚೆನ್ನಾಗಿದೆ” ಎಂದರು. ಇಷ್ಟು ವರ್ಷ ಕಾದಿದ್ದ ಮಾತು. ಕೇಳಿ ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅಂಗಡಿಯಿಂದ ಬಂದ ಕೂಡಲೇ, ಮೊದಲು ಕೈ ತೊಳ್ಕೊ, ಥಿನ್ನರ್ ನಾತ ಅನ್ನುತ್ತಿದ್ದರು. ಈಗ ಸುಮ್ಮನೆ ಬಾಗಿಲು ತೆಗೆದು ಒಳಗೆ ಹೋಗುತ್ತಾರೆ. ಇವತ್ತು ಬೇಕೆಂದೇ ತೊಳೆಯದ ಕೈಯಲ್ಲಿ ಪಕ್ಕಕ್ಕೆ ಹೋಗಿ ಕೂತೆ. ಅವರು ಪೇಪರಿನ ಪುಟ ತಿರುವಿದರು.

ಫೆಬ್ರವರಿ ೯, ಭಾನುವಾರ

ಇವರ ಅಕ್ಕ ಹೋದ ತಿಂಗಳು ತಂದುಕೊಟ್ಟಿದ್ದ ಪಾಸ್ತಾ ಪೊಟ್ಟಣದ ಬೆನ್ನ ಮೇಲೆ “ಇಟಲಿ ಶೈಲಿಯ ಗಟ್ಟಿ ಸೂಪು” ಮಾಡುವ ವಿಧಾನ ಇತ್ತು. ನಿನ್ನೆ ಓದುತ್ತಾ ಹೋದಂತೆ ಡಾಕ್ಟರ ಮಾತು ನೆನಪಾಯಿತು. ಮೊದಲು ಈರುಳ್ಳಿ, ಆಮೇಲೆ ಕ್ಯಾರೆಟ್ಟು, ಸೆಲರಿ ದಂಟು, ಆಮೇಲೆ ಬೆಳ್ಳುಳ್ಳಿ, ಆಮೇಲೆ ಟೊಮೇಟೊ, ಕಡೆಗೆ ಎಲೆಕೋಸು. ವಾಸನೆಗಳು ಸಾಲಾಗಿ ನಿಂತು ಒಂದೊಂದಾಗಿ ಒಳಗೆ ಬರುವ ಅಡುಗೆ ಇದು. ಇವತ್ತು ಇವರನ್ನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನೆಂಟರ ಹಾಗೆ ಕೂತರು.

ನಿನ್ನೆ ಸಂಜೆ ನೆನೆಹಾಕಿದ್ದ ಬಿಳಿ ಬೀನ್ಸ್ ಕಾಳು ಬೆಳಿಗ್ಗೆ ಪಾತ್ರೆಯ ಬಾಯಿ ತನಕ ಬಂದಿತ್ತು. ಹಾಕುವಾಗ ಗೋಲಿಗಳ ಹಾಗೆ ಟಣಟಣ ಎಂದದ್ದು ಇವೇನಾ ಎಂದು ಒಂದೊಂದನ್ನೇ ಮುಟ್ಟಿ ನೋಡಿದೆ. ನೀರಲ್ಲಿ ಸುಮ್ಮನೆ ಬಿದ್ದಿದ್ದಕ್ಕೆ ಇಷ್ಟಾಯಿತಲ್ಲ. ಸಣ್ಣ ಉರಿಯಲ್ಲಿ ಆಲಿವ್ ಎಣ್ಣೆಗೆ ಈರುಳ್ಳಿ ಬಿದ್ದಾಗ ಇನ್ನೊಂದು ಬೆರಗು. ಬಿಳಿ ಬಣ್ಣ ಹೋಗುತ್ತಾ ಹೋಗುತ್ತಾ ಗಾಜಾಯಿತು, ಗಾಜು ಹೋಗಿ ಜೇನಾಯಿತು. ದಿನವೂ ಬಣ್ಣ ಬೆರೆಸುತ್ತೇನೆ, ಬಿಳಿಯಿಂದ ಈ ಬಣ್ಣಕ್ಕೆ ಹೋಗಬೇಕಾದರೆ ನಾನು ಮೂರು ಡಬ್ಬಿ ತೆರೆಯಬೇಕು. ಇಲ್ಲಿ ಬೆಂಕಿಯೊಂದೇ ಎಲ್ಲ ಮಾಡುತ್ತಿತ್ತು. ಬಾಣಲೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

ಪ್ರತಿ ಸಲ ಏನಾದರೂ ಎಣ್ಣೆಗೆ ಹಾಕಿದಾಗ ಇವರತ್ತ ನೋಡುತ್ತಿದ್ದೆ. ಅವರು ಮೂಗರಳಿಸಿ ಉಸಿರೆಳೆಯುವರು, ತಲೆ ಅಲ್ಲಾಡಿಸುವರು. ಇಲ್ಲ. ಬೆಳ್ಳುಳ್ಳಿಗೂ ಇಲ್ಲ. ಪಕ್ಕದ ಮನೆಯವರು ಕಿಟಕಿಯಿಂದಲೇ ಏನು ವಿಶೇಷ ಎಂದು ಕೇಳಿದರು, ಇವರಿಗೆ ಇಲ್ಲ.

ಕಡೆಯಲ್ಲಿ ಪೊಟ್ಟಣದ ಮೇಲೆ, ಉಪ್ಪು ರುಚಿಗೆ ತಕ್ಕಷ್ಟು ಎಂದಿತ್ತು. ಎಲ್ಲದಕ್ಕೂ ಅಳತೆ ಕೊಟ್ಟವರು ಇದೊಂದಕ್ಕೆ ಕೈಕೊಟ್ಟಿದ್ದರು. ಯಾರ ರುಚಿಗೆ ಅಂತ ಬರೆದೇ ಇಲ್ಲವಲ್ಲ ಎಂದು ಗೊಣಗಿದೆ.

“ನಿನ್ನ ರುಚಿಗೇ ಹಾಕು,” ಅಂದರು ಇವರು. “ಈ ಮನೇಲಿ ಈಗ ಇರೋದು ಒಂದೇ ನಾಲಿಗೆ.”

ನಾನು ಬೆನ್ನು ತಿರುಗಿಸಿಕೊಂಡು ಉಪ್ಪು ಹಾಕಿದೆ. ಎಷ್ಟು ಹಾಕಿದೆನೋ ಗೊತ್ತಿಲ್ಲ.

ಫೆಬ್ರವರಿ ೧೬, ಭಾನುವಾರ

ಇವತ್ತು ಮತ್ತೆ ಅದೇ ಸೂಪು. ಈರುಳ್ಳಿ ಹಾಕಿ ಸೆಲರಿ ಹೆಚ್ಚುತ್ತಿದ್ದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಇವರು, ಉರಿ ಇಳಿಸು, ಈರುಳ್ಳಿ ಬೈತಾ ಇದೆ ಎಂದರು. ನೋಡಿದರೆ ಹೌದು, ಅಂಚು ಕಪ್ಪಾಗತೊಡಗಿತ್ತು. ಹೇಗೆ ಗೊತ್ತಾಯಿತು ಅಂದರೆ, ನೀರು ಇರುವ ತನಕ ಮಾತು ಮೆತ್ತಗಿರುತ್ತದಂತೆ, ನೀರು ಆರಿದರೆ ಚಟಪಟ ಬೈಗುಳ. ಆಮೇಲೆ ಅವರು ಕೂತಲ್ಲಿಂದಲೇ ಅಡುಗೆ ನಡೆಸಿದರು. ಕಾಳು ಬೆಂದಿದೆಯೇ ಎಂದು ಎರಡು ಬೆರಳಲ್ಲಿ ಹಿಸುಕಿ ಹೇಳಿದರು. ಸೂಪು ಗಟ್ಟಿಯಾಯಿತೇ ಎಂಬುದನ್ನು ಸೌಟು ಪಾತ್ರೆಯ ಅಂಚಿಗೆ ತಾಗುವ ಸದ್ದಿನಲ್ಲೇ ಹೇಳಿದರು. ಎರಡು ಬಾಗಿಲು ಮುಚ್ಚಿದರೂ ಮನುಷ್ಯನಿಗೆ ಇಷ್ಟು ಕಿಟಕಿಗಳಿರುತ್ತವೆಯೇ. ಇವರ ಜೊತೆ ಇಷ್ಟು ವರ್ಷ ಇದ್ದೂ ನಾನು ಇದನ್ನು ನೋಡಿರಲಿಲ್ಲ.

ಬಟ್ಟಲಿಗೆ ಹಾಕಿದ ಮೇಲೆ, ಏನೇನಿದೆ ಹೇಳು ಎಂದರು. ಬಿಸಿ ಇದೆ ಎಂದೆ. ತಲೆ ಚಚ್ಚಿಕೊಂಡರು. ಹಾಗೆ ನುಂಗಿದರೆ ಅರ್ಧ ನಾಲಿಗೆಗೂ ಮುಟ್ಟುವುದಿಲ್ಲವಂತೆ, ಗಾಳಿಯ ಜೊತೆ ಎಳೆಯಬೇಕಂತೆ. ಅವರ ಹಾಗೆ ಸುರ್ರೆಂದು ಎಳೆಯಲು ಹೋಗಿ ನೆತ್ತಿಗೇರಿ ಕೆಮ್ಮಿದೆ. ಎರಡನೆಯ ಸಲ ಏನೋ ಬಂತು. ಆದರೆ ನನ್ನ ಹತ್ತಿರ ಅದಕ್ಕೆ ಮಾತೆಲ್ಲಿದೆ. ಗೊತ್ತಿದ್ದ ಮಾತಲ್ಲೇ ಹೇಳಿದೆ. ಮೊದಲು ಕೆಂಪು. ಅದರ ಹಿಂದೆ ಕಂದು, ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಲ್ಲ ಹೋದ ಮೇಲೆ ಅಡಿಯಲ್ಲಿ ಒಂದಿಷ್ಟು ಬೂದು.

ಇವರು ನೆಟ್ಟಗೆ ಕೂತರು. “ಬೂದು ಅಂದ್ಯಲ್ಲ, ಅದು ಎಲೆಕೋಸು. ಬೇಗ ಹಾಕಿದ್ದೀಯ, ಜಾಸ್ತಿ ಬೆಂದಿದೆ.”

ಬೇಗ ಹಾಕಿದ್ದು ನಿಜ.

ಫೆಬ್ರವರಿ ೧೭, ಸೋಮವಾರ

ಮಿಕ್ಕಿದ್ದ ಸೂಪನ್ನು ಬೆಳಿಗ್ಗೆ ಬಿಸಿ ಮಾಡಿದೆ. ನಿನ್ನೆಯದೇ ಪಾತ್ರೆ, ನಾನು ಏನೂ ಹಾಕಿಲ್ಲ, ಆದರೂ ಬೇರೆಯೇ ಸೂಪು. ನಿನ್ನೆ ಒಂದೊಂದೂ ತನ್ನ ಪಾಡಿಗೆ ನಿಂತಿತ್ತು, ಇವತ್ತು ಎಲ್ಲ ಒಂದಾಗಿತ್ತು. ಅಂಗಡಿಗೆ ಬರುವವರಿಗೆ ನಾನೇ ಹೇಳುತ್ತಿರುತ್ತೇನೆ, ಹಸಿ ಬಣ್ಣ ನೋಡಿ ತೀರ್ಮಾನ ಹೇಳಬೇಡಿ, ಒಣಗಲಿ ಅಂತ. ಸೂಪಿಗೂ ಇದು ನಡೆಯುತ್ತದೆ ಎಂದು ಯಾರಿಗೆ ಗೊತ್ತಿತ್ತು. ಬಸ್ಸು ತಪ್ಪಿತು.

ಫೆಬ್ರವರಿ ೨೩, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಅಕ್ಕ ಬಂದಿದ್ದರು. ತಮ್ಮ ಎಂದರೆ ಜೀವ ಬಿಡುವವರು. ನಡುಮನೆಯಲ್ಲಿ ಅವರ ಜೊತೆ ಮಾತಿಗೆ ಕೂತಿದ್ದಾಗ ಸೂಪಿನ ತಳ ಹಿಡಿಯಿತು. ವಾಸನೆ ನನ್ನ ಮೂಗಿಗೆ ಬರುವಷ್ಟರಲ್ಲಿ ಕೈಮೀರಿತ್ತು. ಬೇಡ, ಬ್ರೆಡ್ ತಿನ್ನೋಣ ಎಂದು ನಾನು ಹೇಳುವ ಮೊದಲೇ ಇವರು ಬಡಿಸಿಕೊಂಡು ಒಂದು ಚಮಚ ಬಾಯಿಗಿಟ್ಟರು. ಅಕ್ಕನ ಮುಖ ನೋಡಿದರು. “ಚೆನ್ನಾಗಿದೆ ಅಕ್ಕಾ,” ಎಂದರು. “ಸ್ವಲ್ಪ ಸ್ವಲ್ಪ ಗೊತ್ತಾಗ್ತಿದೆ. ಬೀನ್ಸು ಹದವಾಗಿದೆ.”

ಅಕ್ಕ ಖುಷಿಗೆ ಅತ್ತೇಬಿಟ್ಟರು. ಕಣ್ಣೊರೆಸಿಕೊಂಡು ತಾವೂ ಒಂದು ಚಮಚ ತೆಗೆದುಕೊಂಡರು. ಆಮೇಲೆ ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. ಸುಟ್ಟ ಸೂಪನ್ನು ಮಗುವಿಗೂ ಬಚ್ಚಿಡಲಾಗುವುದಿಲ್ಲ. ಇವರು ಮಾತ್ರ, ಏನಾಯಿತೆಂದು ತಿಳಿಯದೆ, ನಮ್ಮಿಬ್ಬರನ್ನೂ ನೋಡುತ್ತಾ ತಿನ್ನುತ್ತಲೇ ಇದ್ದರು. ಆ ಮುಖ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಅಕ್ಕ ಹೋದ ಮೇಲೆ ಹೇಳಿದೆ, ತಳ ಹಿಡಿದಿತ್ತು ಅಂತ. ನಾಳೆ ಮ್ಯಾನೇಜರಿಗೆ ಫೋನ್ ಮಾಡುತ್ತೇನೆ, ಆ ಕುರ್ಚಿಯನ್ನು ಬೇರೆಯವರಿಗೆ ಕೊಡಲಿ ಎಂದರು. ಹಸಿ ಇರುವಾಗ ತೀರ್ಮಾನ ಬೇಡ, ಒಣಗುವ ತನಕ ನೋಡಿ ಎಂದೆ. ನನ್ನ ಬಾಯಿಗೆ ಬಂದದ್ದು ಅದೇ ಅಂಗಡಿ ಮಾತು.

“ಇದು ಗೋಡೆ ಅಲ್ಲ ಕಣೇ,” ಎಂದರು.

ಫೆಬ್ರವರಿ ೨೬, ಬುಧವಾರ

ಫೋನ್ ಮಾಡಿಲ್ಲ. ನಾನು ಕೇಳಿಲ್ಲ. ಅಂಗಡಿಯಲ್ಲಿ ಬಣ್ಣ ಬೆರೆಸುವ ಬಿಳಿ ಬೇಸ್ ಖಾಲಿ.

ಮಾರ್ಚ್ ೫, ಬುಧವಾರ

ಅಂಗಡಿಯ ಯಜಮಾನರಿಗೆ ಎಲ್ಲದಕ್ಕೂ ತಕರಾರು. ನಾಲ್ಕು ಗಂಟೆಯ ಚಹಾ ಕುಡಿಯುತ್ತಿದ್ದೆ, ಏನಮ್ಮಾ ಅದು ಸದ್ದು, ಗಿರಾಕಿಗಳು ತಿರುಗಿ ನೋಡ್ತಿದ್ದಾರೆ ಎಂದರು. ಎಂಥ ಸದ್ದೋ ನನಗೆ ಕೇಳಿಸಲಿಲ್ಲ. ಚಹಾ ಮಾತ್ರ ಕೆಟ್ಟದಾಗಿತ್ತು. ಮಧ್ಯಾಹ್ನದ್ದನ್ನೇ ಮತ್ತೆ ಕುದಿಸಿದ್ದಾರೆ, ಹಾಲು ಬೇರೆ ಫ್ರಿಜ್ಜಿನಲ್ಲಿ ಈರುಳ್ಳಿಯ ಪಕ್ಕ ಇದ್ದದ್ದು ಎಂದು ಕ್ಯಾಂಟೀನಿನವನಿಗೆ ಹೇಳಿದೆ. ಅವನು ಪೆಚ್ಚಾಗಿ ಹೊಸದು ತಂದ. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಕೆಲಸ ಬಿಟ್ಟು ನೋಡುವುದೇನಿದೆಯೋ.

ಒಬ್ಬಾಕೆ ಬಂದು ತಾಯಿಯ ಕೋಣೆಗೆ ಬಣ್ಣ ಬೇಕೆಂದರು, ಯಾವುದೆಂದು ಹೇಳಲು ತಿಳಿಯದೆ ಒದ್ದಾಡಿದರು. ಬೆಂದ ಬೀನ್ಸ್ ಕಾಳಿನ ಬಿಳಿಯೇ ಎಂದೆ. ಅದೇ ಅದೇ ಎಂದರು.

ಮಾರ್ಚ್ ೯, ಭಾನುವಾರ

ಇವತ್ತು ಇವರು ತಾವಾಗಿಯೇ ಕುರ್ಚಿ ಬಿಟ್ಟು ಬಂದು ಕ್ಯಾರೆಟ್ಟು ಹೆಚ್ಚಿದರು. ನಾನು ಬೆರಗಾದದ್ದನ್ನು ತೋರಿಸಲಿಲ್ಲ, ಚಾಕು ಕೊಟ್ಟು ಜಾಗ ಬಿಟ್ಟೆ. ಎಲ್ಲ ಚೂರೂ ಒಂದೇ ಅಳತೆ, ಬೇಯುವಾಗ ಯಾವುದಕ್ಕೂ ಅನ್ಯಾಯವಾಗಬಾರದಂತೆ.

ಅಂಗಡಿ ಬೀದಿಯ ಚೀಸಿನವನು ಹಳೆಯ ಚೀಸಿನ ಗಟ್ಟಿ ಸಿಪ್ಪೆಯ ತುಂಡೊಂದನ್ನು ಸುಮ್ಮನೆ ಕೊಟ್ಟಿದ್ದ, ಇಟಲಿಯವರು ಸೂಪಿಗೆ ಹಾಕುತ್ತಾರೆ ಅಂತ. ಮುಟ್ಟಿದರೆ ಚಪ್ಪಲಿಯ ಅಟ್ಟೆ. ಕಸಕ್ಕೆ ಹೋಗಬೇಕಾದದ್ದನ್ನು ನಂಬಿಕೆಯಿಲ್ಲದೆ ಪಾತ್ರೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಸೂಪಿನ ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣುಗಳು ತೆರೆದವು, ಟೊಮೇಟೊದ ಕೆಂಪು ಅವುಗಳೊಳಗೆ ಇಳಿದು ಕಿತ್ತಳೆಯಾಯಿತು. ಇಷ್ಟು ಬಣ್ಣಗಳನ್ನು ಬಲ್ಲ ನಾನು ಇದಕ್ಕೆ ಹೆಸರು ಹುಡುಕುತ್ತಾ ಉರಿಯ ಮುಂದೆ ನಿಂತಿದ್ದೆ. ಹೆಸರಿಲ್ಲ. ಡಬ್ಬಿಯಲ್ಲಿ ಇಂಥದ್ದು ಬರುವುದೂ ಇಲ್ಲ.

ಮೇಜಿಗೆ ಕೂತ ಮೇಲೆ ಅವರು ಕಣ್ಣು ಮುಚ್ಚಿದರು, ನಾನು ಹೇಳುತ್ತಾ ಹೋದೆ. ಮೊದಲು ಟೊಮೇಟೊದ ಹುಳಿ ಬರುತ್ತದೆ, ಆದರೆ ಚುಚ್ಚುವುದಿಲ್ಲ, ಕ್ಯಾರೆಟ್ಟು ಅದರ ಕೈ ಹಿಡಿದಿದೆ. ಸೆಲರಿ ನಾಲಿಗೆಯ ಬದಿಗಳಲ್ಲಿ ಓಡಾಡುತ್ತದೆ, ಮಧ್ಯಕ್ಕೆ ಬರುವುದೇ ಇಲ್ಲ. ಬೀನ್ಸ್ ಕಾಳಿಗೆ ತನ್ನದೆಂಬ ರುಚಿ ಕಮ್ಮಿ, ಎಲ್ಲರದ್ದನ್ನೂ ಹೀರಿಕೊಂಡು ಒಳಗಿಟ್ಟುಕೊಂಡಿದೆ, ಕಡಿದಾಗ ಬಿಟ್ಟುಕೊಡುತ್ತದೆ. ಎಲ್ಲಕ್ಕೂ ಹಿಂದೆ ಆ ಸಿಪ್ಪೆ, ನುಂಗಿದ ಮೇಲೂ ಗಂಟಲ ಬಾಗಿಲಲ್ಲಿ ನಿಂತಿರುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಸೂಪು ಆರಿತ್ತು. ಇವರು ಕಣ್ಣು ತೆರೆದು ನನ್ನನ್ನು ನೋಡಿದ ರೀತಿಗೆ ನನಗೆ ನಾಚಿಕೆಯಾಯಿತು.

ಗೋದಾಮಿನ ಕೆಲಸ ಕೆಟ್ಟದ್ದೇನಲ್ಲ, ಭಾನುವಾರ ಹೇಗೂ ರಜೆ ಎಂದರು. ನಾನು ಹೂಂ ಎಂದೆ. ಹೂಂ ಅನ್ನಲು ನನಗೆ ಎಷ್ಟು ಕಷ್ಟವಾಯಿತು ಎಂದು ಅವರಿಗೆ ತಿಳಿಯದಿರಲಿ.

ಮಾರ್ಚ್ ೧೨, ಬುಧವಾರ

ಶಾಲೆಯೊಂದರ ಗೋಡೆಗಳಿಗೆಲ್ಲ ಬಣ್ಣ, ಇಡೀ ದಿನ ಡಬ್ಬಿ ಅಲುಗಾಡಿಸಿ ತೋಳು ಬಿದ್ದುಹೋಗಿದೆ. ಮನೆಗೆ ಬಂದರೆ ಕೂರಲೂ ಬಿಡಲಿಲ್ಲ, ಮೊದಲು ಕೈ ತೊಳ್ಕೊ ಎಂದರು. ತೊಳೆದೆ. ಸ್ವಲ್ಪ ಹೊತ್ತು ಕಾಲು ಚಾಚಿ ಕೂರೋಣ ಅಂದರೂ ಈ ಮನೆಯಲ್ಲಿ ಆಗುವುದಿಲ್ಲ. ಬೇಗ ಮಲಗುತ್ತೇನೆ.

ಮಾರ್ಚ್ ೧೬, ಭಾನುವಾರ

ಅಕ್ಷರ ಹೇಗೆ ಬಂದರೂ ಸರಿ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವರು ಬ್ರೆಡ್ ತರಲು ಹೋಗಿದ್ದರು. ಬೆಳ್ಳುಳ್ಳಿ ಎಣ್ಣೆಗೆ ಬಿದ್ದಿತ್ತು, ಅಷ್ಟರಲ್ಲಿ ಅಕ್ಕನ ಫೋನು. ತಿರುಗಿ ನೋಡುವಾಗ ನಾಲ್ಕಾರು ಚೂರು ಕಂದಿದ್ದವು. ಚಮಚದ ತುದಿಯಲ್ಲಿ ಒಂದೊಂದನ್ನೂ ಹೆಕ್ಕಿ ಕಸದ ಬುಟ್ಟಿಯ ತಳಕ್ಕೆ ತಳ್ಳಿದೆ. ಮಿಕ್ಕದ್ದೆಲ್ಲ ಹೊಂಬಣ್ಣವೇ ಇತ್ತು. ಕಿಟಕಿ ತೆರೆದಿಟ್ಟೆ. ಅವರು ಬರುವ ಹೊತ್ತಿಗೆ ಟೊಮೇಟೊ ಕುದಿಯುತ್ತಿತ್ತು. ಕಂದಿದ್ದರ ಸುದ್ದಿ ನಾನು ಎತ್ತಲಿಲ್ಲ, ಎತ್ತಿದ್ದರೂ ಅವರಿಗೆ ಅದರಿಂದ ಏನಾಗಬೇಕಿತ್ತು.

ಉಪ್ಪನ್ನು ಮೂರು ಸಲ ನೋಡಿ ಹಾಕಿದೆ. ನನ್ನ ಮಟ್ಟಿಗೆ ಇಷ್ಟು ಸರಿಯಾದ ಉಪ್ಪು ನಾನು ಯಾವತ್ತೂ ಹಾಕಿಲ್ಲ. ಅವರಿಗೆ ಬಡಿಸಿ, ನನ್ನ ಬಟ್ಟಲು ತರಲು ಒಲೆಯ ಹತ್ತಿರ ಹೋದೆ. ಬೆನ್ನ ಹಿಂದೆ ಸುರ್ರೆಂದಿತು.

“ಮೆಲ್ಲಗೆ ಕುಡೀಬಾರ್ದಾ,” ಎಂದೆ, ತಿರುಗದೆಯೇ. ನನ್ನ ಗಮನ ಸೌಟಿನ ಮೇಲಿತ್ತು.

“ಉಪ್ಪು ಕಮ್ಮಿ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸೌಟು ಹಿಡಿದುಕೊಂಡೇ ಬಂದು ಜಗಳಕ್ಕೆ ನಿಂತೆ. ಮೂರು ಸಲ ನೋಡಿದ್ದೀನಿ, ಸರಿಯಾಗಿದೆ, ಇದಕ್ಕಿಂತ ಒಂದು ಕಾಳು ಬಿದ್ದರೆ ಸೆಲರಿ ಸತ್ತುಹೋಗುತ್ತದೆ, ನಿಮಗೆ ಮೊದಲಿಂದಲೂ ತಪ್ಪು ಹುಡುಕುವ ಚಾಳಿ ಎಂದೆಲ್ಲ ಒಂದೇ ಉಸಿರಿಗೆ ಅಂದೆ. ಅವರ ಬಟ್ಟಲಿಂದಲೇ ಒಂದು ಚಮಚ ಎತ್ತಿ, ಗಟ್ಟಿಯಾಗಿ ಸುರ್ರೆಂದು ಎಳೆದು ತೋರಿಸಿದೆ. ಸರಿಯಾಗೇ ಇತ್ತು. ಅವರೂ ಬಿಡಲಿಲ್ಲ, ಇನ್ನೊಂದು ಚಮಚ ಎಳೆದು ಬಾಯಲ್ಲಿ ಅತ್ತಿತ್ತ ತಿರುವಿದರು.

“ಸರಿಯಾಗಿದೆ ಅಂದ್ರೆ ಯಾರ ರುಚಿಗೆ?” ಎಂದರು. ಮತ್ತೊಮ್ಮೆ ತಿರುವಿದರು, ಹುಬ್ಬು ಗಂಟಿಕ್ಕಿದರು. “ಬೆಳ್ಳುಳ್ಳಿ ಬೇರೆ ಎಲ್ಲೋ ಒಂದು ಚೂರು ಕಂದಿದೆ.”

ಹೆಕ್ಕಿ ಹಾಕಿದ್ದೀನಲ್ಲ ಎಂದು ಬಾಯಿಯ ತನಕ ಬಂತು. ಅಲ್ಲೇ ನಿಂತಿತು. ಅವರ ಚಮಚವೂ ಗಾಳಿಯಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ನುಂಗಲೂ ಹೆದರಿದವರ ಹಾಗೆ ಕೂತಿದ್ದರು, ನುಂಗಿದರೆ ಹೋಗಿಬಿಡುತ್ತದೋ ಎಂಬಂತೆ. ನಾನು ಹೋಗಿ ಕಸದ ಬುಟ್ಟಿಯ ತಳದಿಂದ ಆ ಕಂದಿದ ಚೂರುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಬಂದು ತೋರಿಸಿದೆ. ಅವರು ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ತುಂಬಾ ಹೊತ್ತು ಬಿಡಲಿಲ್ಲ. ಅಂಗೈ ಒದ್ದೆಯಾಯಿತು.

“ಥಿನ್ನರ್ರೂ ಇದೆ,” ಎಂದರು.

ನಾನು ಗಟ್ಟಿಯಾಗಿ ಅತ್ತೆ. ಇಷ್ಟು ವರ್ಷದಲ್ಲಿ ಅವರು ಹುಡುಕಿದ ತಪ್ಪುಗಳಲ್ಲಿ ಯಾವುದಕ್ಕೂ ನಾನು ಇಷ್ಟು ಸಂತೋಷಪಟ್ಟಿರಲಿಲ್ಲ. ಇಬ್ಬರ ಸೂಪೂ ಆರಿತು, ಮತ್ತೆ ಬಿಸಿ ಮಾಡಿದೆವು. ಅವರು ತಮ್ಮ ಬಟ್ಟಲಿಗೆ ಉಪ್ಪು ಹಾಕಿಕೊಂಡು ಅದೇ ಚಿಟಿಕೆಯನ್ನು ನನ್ನ ಬಟ್ಟಲಿನತ್ತ ತಂದರು. ನಾನು ಕೈ ಅಡ್ಡ ಹಿಡಿದೆ. ನನ್ನದು ಸರಿಯಾಗಿದೆ.

ಮಾರ್ಚ್ ೧೭, ಸೋಮವಾರ

ಮ್ಯಾನೇಜರಿಗೆ ಫೋನ್ ಹೋಯಿತು. ಒಂದಿಷ್ಟು ಬಟ್ಟಲು ಇಟ್ಟು ನೋಡೋಣ, ಬರಲಿ ಎಂದರಂತೆ. ಪೂರ್ತಿ ಬಂದಿದೆಯೋ ಇನ್ನೂ ಬರಬೇಕೋ, ಒಣಗಿದ ಮೇಲೆ ತಿಳಿಯುತ್ತದೆ.

ಹೊರಡುವ ಮುಂಚೆ ನಿನ್ನೆಯ ಸೂಪು ಬಿಸಿ ಮಾಡಿ ಇಬ್ಬರೂ ಕೂತು ಕುಡಿದೆವು. ಆ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನಾಲಿಗೆರಾಯರು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡು, “ತಿನ್ನಬಹುದು,” ಎಂದರು.